ಏಳು ವಾರದ ರಜೆಯಲ್ಲಿ ಮಕ್ಕಳನ್ನು ಖರ್ಚಿಲ್ಲದೆ ಆಡಿಸುವುದು ಹೇಗೆ?

ಕೋಡಿಬಾಗದ ತಾಯಿ: ಏಪ್ರಿಲ್ 11ಕ್ಕೆ ಶುರುವಾದ ರಜೆ ಮುಗಿಯುವುದು ಮೇ 28ಕ್ಕೆ. ಹತ್ತು ದಿನದ ಬೇಸಿಗೆ ಶಿಬಿರವೊಂದರಲ್ಲಿ ಮಗುವೊಂದಕ್ಕೆ ಮೂರೂವರೆ ಸಾವಿರ ಕೇಳಿದರು. ಒಂಬತ್ತರ ಮಗ, ಏಳರ ಮಗಳು ಇಬ್ಬರನ್ನೂ ಸೇರಿಸಿದರೆ ನಮ್ಮ ಮನೆಯ ಒಂದು ತಿಂಗಳ ಕಿರಾಣಿ ದುಡ್ಡು ಅಲ್ಲಿಗೇ ಹೋಗುತ್ತದೆ. ಕೈಗೆ ಮೊಬೈಲು ಕೊಡದೆ, ಹೆಚ್ಚು ಖರ್ಚೂ ಮಾಡದೆ ಕಾರವಾರದಲ್ಲಿ ಇವರನ್ನು ಹೇಗೆ ಆಡಿಸಬಹುದು, ತಿಳಿದವರು ಹೇಳಿ.

ಬಂದರುವಾಸಿ: ಮನೆಯೆದುರು ಸಮುದ್ರವಿಟ್ಟುಕೊಂಡು ಕೇಳುವ ಪ್ರಶ್ನೆಯೇ ಇದು? ಬಿಸಿಲು ತಗ್ಗಿದ ಮೇಲೆ ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ಯಿರಿ. ಇಳಿತದ ಹೊತ್ತಿನಲ್ಲಿ ಪುಟ್ಟ ಏಡಿಗಳು ಬಿಲದ ಸುತ್ತ ಉರುಳಿಸಿಟ್ಟ ಮರಳಿನ ಗುಂಡುಗಳನ್ನು ನೋಡುತ್ತ ಕುಳಿತರೆ ಮಕ್ಕಳು ಮನೆಗೆ ಬರಲೊಲ್ಲರು. ಒಂದು ದಿನ ಮಾಜಾಳಿಯ ಕಡೆ ಹೋಗಿ ತಿಳಮಾತಿಯ ಕಪ್ಪು ಮರಳು ತೋರಿಸಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಾದ್ದರಿಂದ ಒಂದು ಪೈಸೆಯೂ ಖರ್ಚಾಗದು.

ಕೋಡಿಬಾಗದ ತಾಯಿ: ‘ಒಂದು ಪೈಸೆಯೂ’ ಎಂದಿರಿ. ನನಗೂ ಮಗಳಿಗೂ ಅದು ಸರಿ, ಮಗನಿಗೆ ಅರ್ಧ ಟಿಕೆಟ್ಟು ತೆಗೆಯಲೇಬೇಕು. ‘ತಂಗಿಗಿಲ್ಲದ್ದು ನನಗೊಬ್ಬನಿಗೇ ಯಾಕೆ’ ಎಂದು ಅವನು ಬಸ್ಸಿನ ತುಂಬ ಕೇಳಿಸುವಂತೆ ಕೇಳಿದಾಗ ಉತ್ತರ ಕೊಡಲು ನೀವು ಬರುತ್ತೀರಾ?

ಬಂದರುವಾಸಿ: ಅರ್ಧ ಟಿಕೆಟ್ಟಿನ ಲೆಕ್ಕ ಹಿಡಿದು ಇಡೀ ಸಮುದ್ರವನ್ನೇ ಬಿಡುವವರಿಗೆ ನಾನು ಹೇಳುವುದೇನೂ ಇಲ್ಲ.

ಶಿರಸಿಯ ಅಜ್ಜಿ: ‘ಬಿಸಿಲು ತಗ್ಗಿದ ಮೇಲೆ’ ಎಂದರೆ ಸಂಜೆಯಾಯಿತು. ತಾಯಂದಿರ ಜೀವ ತಿನ್ನುವುದು ಹನ್ನೊಂದರಿಂದ ನಾಲ್ಕರ ತನಕದ ಹೊತ್ತು. ಅಟ್ಟದ ಮೇಲಿನ ಚೆನ್ನೆಮಣೆಯನ್ನು ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಬೀಜ, ಅಷ್ಟಿದ್ದರೆ ಸಾಕು. ಬೇಲಿಯಲ್ಲಿ ಗುಲಗಂಜಿ ಸಿಕ್ಕರೆ ಅದಕ್ಕಿಂತ ಚೆಂದದ ಬೀಜ ಬೇರೆ ಇಲ್ಲ.

ನಿವೃತ್ತ ಮಾಸ್ತರು: ಏಳು ವರ್ಷದ ಮಗುವಿನ ಕೈಗೆ ಗುಲಗಂಜಿ ಕೊಡಿ ಎಂದು ಬರೆಯುವ ಮೊದಲು ಒಂದು ಗಳಿಗೆ ಯೋಚಿಸಬೇಕಿತ್ತು. ಅದರೊಳಗಿರುವ ಅಬ್ರಿನ್ ಘೋರ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ.

ಶಿರಸಿಯ ಅಜ್ಜಿ: ಅರವತ್ತು ವರ್ಷ ಆಡಿದ್ದೇವೆ, ನಮ್ಮ ಕೇರಿಯಲ್ಲಿ ಯಾರೂ ಸತ್ತಿಲ್ಲ. ಅಕ್ಕಸಾಲಿಗರು ತಲೆಮಾರುಗಟ್ಟಲೆ ಗುಲಗಂಜಿಯಲ್ಲೇ ಚಿನ್ನ ತೂಗಿದರು, ಅವರೇನು ಸತ್ತರೇ?

ನಿವೃತ್ತ ಮಾಸ್ತರು: ಅಕ್ಕಸಾಲಿಗರು ಅದನ್ನು ತಕ್ಕಡಿಯಲ್ಲಿಡುತ್ತಿದ್ದರೇ ಹೊರತು ಬಾಯಲ್ಲಲ್ಲ. ಸಿಪ್ಪೆ ಗಟ್ಟಿಯಾಗಿರುವುದರಿಂದ ಇಡಿಯಾಗಿ ನುಂಗಿದ ಬೀಜ ಎಷ್ಟೋ ಸಲ ಹಾಗೆಯೇ ಹೊರಗೆ ಬೀಳುತ್ತದೆ; ಹಲ್ಲಿಗೆ ಸಿಕ್ಕಿ ಒಡೆದರೆ, ಸರ ಮಾಡಲು ತೂತು ಕೊರೆದಿದ್ದರೆ ಕತೆ ಬೇರೆ.

ಯಲ್ಲಾಪುರದವ: ಅಜ್ಜಿ ಹೇಳುತ್ತಿರುವುದು ಆನೆಗುಲಗಂಜಿ ಇರಬೇಕು. ಅದು ದೊಡ್ಡ ಮರದಿಂದ ಉದುರುವ, ಪೂರ್ತಿ ಕೆಂಪಗಿನ ಬೀಜ. ಗುಲಗಂಜಿಯಾದರೆ ಬಳ್ಳಿಯದು, ಒಂದು ತುದಿಯಲ್ಲಿ ಕಪ್ಪು ಕಣ್ಣು ಇರುತ್ತದೆ.

ಶಿರಸಿಯ ಅಜ್ಜಿ: ‘ಇರಬೇಕು’ ಎಂದು ನನ್ನ ಪರವಾಗಿ ನೀವು ತೀರ್ಮಾನಿಸುವುದು ಬೇಡ. ನನ್ನ ಬೀಜಕ್ಕೆ ಕಪ್ಪು ಕಣ್ಣು ಇದೆ. ಈಗಲೂ ಅಂಗೈಯಲ್ಲಿ ಇಟ್ಟುಕೊಂಡೇ ಬರೆಸುತ್ತಿದ್ದೇನೆ.

ನಿವೃತ್ತ ಮಾಸ್ತರು: ಹಾಗಿದ್ದರೆ ಮೊದಲು ಅದನ್ನು ಕೆಳಗಿಟ್ಟು ಕೈ ತೊಳೆದುಕೊಳ್ಳಿ.

ಶಿರಸಿಯ ಅಜ್ಜಿ: ಇಡಿಯಾಗಿ ನುಂಗಿದರೂ ಹೊರಗೆ ಬೀಳುತ್ತದೆ ಎಂದವರೇ ಈಗ ಮುಟ್ಟಿದ್ದಕ್ಕೆ ಕೈ ತೊಳೆಸುತ್ತಿದ್ದೀರಿ. ನಿಮ್ಮ ಮಾತಿಗೆ ಗುಲಗಂಜಿಯಷ್ಟಾದರೂ ತೂಕ ಬೇಡವೇ?

ಓದುಗ: ಮಕ್ಕಳು ರಜೆಗೆ ಹಳ್ಳಿಗೆ ಹೋಗುವುದಿದ್ದರೆ ಅಲ್ಲಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಕಳಿಸಿ. ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಸರ್ಕಾರಿ ಕಾರ್ಯಕ್ರಮ ‘ಓದುವ ಬೆಳಕು’ ಶುರುವಾದ 2020ರಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ.

ನಿವೃತ್ತ ಮಾಸ್ತರು: ತೂಕದ ಮಾತು ಬಂದದ್ದರಿಂದ ಹೇಳುತ್ತೇನೆ. ಮೂವತ್ತು ವರ್ಷ ಮಕ್ಕಳ ನಡುವೆಯೇ ಇದ್ದವನು ನಾನು. ಕೈಗೆ ಸಿಕ್ಕಿದ್ದನ್ನು ಕಚ್ಚಿ ನೋಡದ ಮಗುವನ್ನು ಇದುವರೆಗೆ ಕಂಡಿಲ್ಲ.

ಬಂದರುವಾಸಿ: ಇಷ್ಟು ಹೊತ್ತಿಗೆ ಸಮುದ್ರಕ್ಕೆ ಹೋಗಿ ಬಂದು ಊಟವೂ ಆಗುತ್ತಿತ್ತು.

ಕೋಡಿಬಾಗದ ತಾಯಿ: ನಮ್ಮ ಮನೆಯಲ್ಲಿ ಅಟ್ಟವೂ ಇಲ್ಲ, ಚೆನ್ನೆಮಣೆಯೂ ಇಲ್ಲ. ಪಡಸಾಲೆಯ ನೆಲದ ಮೇಲೆ ಇದ್ದಿಲಿನಿಂದ ಹದಿನಾಲ್ಕು ಸೊನ್ನೆ ಬರೆದುಕೊಟ್ಟೆ. ಅಡುಗೆಮನೆಯ ಹುಣಸೆ ಬೀಜಗಳನ್ನು ಇಬ್ಬರೂ ತೊಳೆದು ಮೊರದಲ್ಲಿ ಒಣಗಿಸಿ ಎಣಿಸಿದರು. ಐವತ್ತೈದೇ ಇದೆ, ಒಂದನ್ನು ಕೋಳಿ ತಿಂದಿತು ಎಂದು ಮಗಳು, ಅವಳೇ ಬಚ್ಚಿಟ್ಟಿದ್ದಾಳೆ ಎಂದು ಮಗ, ಹೀಗೆ ಬೆಳಗಿನಿಂದ ಜಗಳವೇ ಆಟವಾಗಿದೆ. ಒಂದು ಬೀಜ ಕಡಿಮೆಯಿದ್ದರೆ ಆಡಬಹುದೇ?

ಯಲ್ಲಾಪುರದವ: ಒಂದಲ್ಲ, ಹದಿನೈದು ಕಡಿಮೆಯಿದೆ. ನಮ್ಮಲ್ಲಿ ಗುಳಿಗೆ ಐದರಂತೆ ಎಪ್ಪತ್ತು ಬೀಜ.

ಶಿರಸಿಯ ಅಜ್ಜಿ: ಐದು ಹಾಕಿದರೆ ಅದು ಚೆನ್ನೆಮಣೆಯೇ ಅಲ್ಲ.