‘ಸಾರ್ವಜನಿಕ ಸ್ಥಳ’ಕ್ಕೆ ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯೊಂದಕ್ಕೆ ಧೂಮಪಾನ ನಿಷೇಧದ ಸುತ್ತೋಲೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಸಾರ್ವಜನಿಕ ಸ್ಥಳ’ ಅನ್ನುವಲ್ಲಿ ಪೆನ್ನು ನಿಂತಿದೆ.

ಸಾರ್ವಜನಿಕ ಅಂದಕೂಡಲೇ ನಮಗೆ ಹೊಳೆಯುವುದು ರಸ್ತೆ, ಪಾರ್ಕು, ಸಂತೆ ಮೈದಾನ. ಇಲ್ಲವೇ ಸರ್ಕಾರಿ ಕಟ್ಟಡ. ಕಾನೂನಿನ ಲೆಕ್ಕ ಹೆಚ್ಚುಕಮ್ಮಿ ಉಲ್ಟಾ. 2003ರ ಕೋಟ್ಪಾ ಕಾಯ್ದೆಯಲ್ಲಿ (ಸಿಗರೇಟು, ತಂಬಾಕು ಉತ್ಪನ್ನಗಳನ್ನು ನಿಯಂತ್ರಿಸುವ ಕೇಂದ್ರದ ಕಾನೂನು) ಜನರಿಗೆ ಪ್ರವೇಶವಿರುವ ಜಾಗವೆಲ್ಲ ಸಾರ್ವಜನಿಕವೇ. ಒಳಗೆ ಹೋಗಲು ಹಕ್ಕು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಖಾಸಗಿ ಹೋಟೆಲೂ ಸೇರಿತು. ಬಯಲು ಜಾಗ ಮಾತ್ರ ಹೊರಗೆ. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಸ್ಟೇಡಿಯಂಗಳನ್ನು ಆ ‘ಬಯಲಿ’ನಿಂದ ಕಿತ್ತು ಒಳಗೆ ತಂದವು. ಕೆಲಸದ ಜಾಗವನ್ನೂ ಸೇರಿಸಿದವು.

ಹೀಗಾಗಿ ಗೇಟಿನಲ್ಲಿ ‘ಸಾರ್ವಜನಿಕರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು, ಒಳಗಿನ ಗೋಡೆಯ ಮೇಲೆ ‘ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ’! ‘ಇದು ಕಂಪನಿ ಜಾಗ, ಸಾರ್ವಜನಿಕ ಹೇಗಾಯ್ತು?’ ಅಂತ ಕೆಲಸಗಾರರು ಕೇಳಿದರೆ ಅವರದು ತಪ್ಪಲ್ಲ, ಅಲ್ವಾ?

ಗೋಡೆಯ ಬೋರ್ಡಿಗೆ ಈ ಪೇಚು ಇರಬೇಕಾಗಿಲ್ಲ. ‘ಇಲ್ಲಿ ಸೇದುವುದು ಅಪರಾಧ’ ಅಂದರೆ ಮುಗಿಯಿತು, ‘ಇಲ್ಲಿ’ ಎಲ್ಲವನ್ನೂ ಹೇಳಿಬಿಡುತ್ತದೆ. ಸುತ್ತೋಲೆಯಲ್ಲಿ ಹಾಗಾಗದು. ಮೆಟ್ಟಿಲು, ಶೌಚಾಲಯ, ಕ್ಯಾಂಟೀನು ಎಲ್ಲವೂ ಬರಬೇಕು.

‘ಜನ ಹೋಗಿಬರುವ ಜಾಗ’ ನನಗೆ ಇಷ್ಟ. ಆದರೆ ನೌಕರರು ಮಾತ್ರ ಓಡಾಡುವ ಗೋಡೌನು ಅದರಲ್ಲಿ ಸೇರುತ್ತದೆಯೇ? ‘ನಾಲ್ಕು ಜನ ಸೇರುವ ಜಾಗ’ ಕೇಳಲು ಚೆಂದ, ಆದರೆ ಅರಳಿಕಟ್ಟೆಯೂ ಒಳಗೆ ಬಂದುಬಿಡುತ್ತದೆ. ‘ಕಚೇರಿ’ ಅಂದರೆ ಮೇಜು, ಕುರ್ಚಿ, ಫೈಲು ಮಾತ್ರ ಕಣ್ಣಿಗೆ ಬರುತ್ತವೆ. ಬಾಯ್ಲರ್ ಪಕ್ಕ ನಿಂತವರು ತಮಗಲ್ಲ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ಕೆಲಸದ ಜಾಗ ಮತ್ತು ಜನ ಬಂದುಹೋಗುವ ಕಟ್ಟಡ’ ಎಂದು ಬರೆದಿಟ್ಟಿದ್ದೇನೆ. ಉದ್ದ ಜಾಸ್ತಿಯಾಯಿತು.

ಇನ್ನೊಂದು ವಿಷಯ. ಕರ್ನಾಟಕದ ಈಚಿನ ತಿದ್ದುಪಡಿ ದಂಡವನ್ನು 200ರಿಂದ 1000 ರೂಪಾಯಿಗೆ ಏರಿಸಿದೆ, ತಂಬಾಕು ಉಗುಳುವುದನ್ನೂ ಸೇರಿಸಿದೆ. ಹಾಗಾಗಿ ತಲೆಬರಹದಲ್ಲಿ ಬರೀ ‘ಧೂಮಪಾನ’ ಸಾಲದು. ‘ತಂಬಾಕು ಸೇವನೆ’ ಅನ್ನೋಣವೇ? ನನಗಂತೂ ಸೇವನೆ ಅಂದರೆ ಔಷಧಿ, ಪ್ರಸಾದ ನೆನಪಾಗುತ್ತದೆ. ‘ಸೇದುವುದು, ಉಗುಳುವುದು’ ಅಂತ ಬಿಡಿಸಿ ಬರೆಯುವುದೇ ವಾಸಿ ಅನ್ನಿಸುತ್ತದೆ.

ಕಾನೂನು ಅನುವಾದ ಮಾಡಿದವರು, ಕಾರ್ಮಿಕ ಸಂಘಗಳಿಗೆ ನೋಟಿಸ್ ಬರೆದವರು ಯಾವ ಪದ ಬಳಸಿದ್ದೀರಿ? ನಿಘಂಟಿನ ಪದಕ್ಕಿಂತ ಶಾಪ್ ಫ್ಲೋರಿನಲ್ಲಿ ಓಡಿದ ಪದ ಬೇಕು.