ಚಕ್ರದ ಜಾಗದಲ್ಲಿ ಅಂಗಡಿಯ ಲೋಗೊ ಇಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ಧಾರವಾಡದಲ್ಲಿ ಡಿಸೈನ್ ಕೆಲಸ ಶುರು ಮಾಡಿ ಆರು ತಿಂಗಳಾಯ್ತು. ಒಂದು ಬಟ್ಟೆ ಅಂಗಡಿಯವರು ಆಗಸ್ಟ್ 15ಕ್ಕೆ ಪೋಸ್ಟರ್, ಕ್ಯಾರಿಬ್ಯಾಗ್ ಎರಡೂ ಕೇಳಿದಾರೆ. ತ್ರಿವರ್ಣದ ನಡುವೆ ಚಕ್ರ ತೆಗೆದು ಅವರ ಲೋಗೊ, ಬಿಳಿ ಪಟ್ಟಿ ಮೇಲೆ ರಿಯಾಯಿತಿ ಸಾಲು. ‘ಕ್ರಿಯೇಟಿವ್ ಆಗಿರ್ಲಿ’ ಅಂತಾರೆ. ನಂಗ್ಯಾಕೋ ಮನಸ್ಸು ಒಪ್ತಿಲ್ಲ.

ಉತ್ತರ: ಮನಸ್ಸು ಸರಿಯಾಗೇ ಹೇಳ್ತಿದೆ, ಮಾಡಬೇಡಿ. 1971ರ ರಾಷ್ಟ್ರಗೌರವಕ್ಕೆ ಅವಮಾನ ತಡೆ ಕಾಯ್ದೆ ಪ್ರಕಾರ ಬಾವುಟ ಅಂದ್ರೆ ಬಟ್ಟೆಯದ್ದಷ್ಟೇ ಅಲ್ಲ. ಅದರ ಚಿತ್ರ, ಅದರ ಒಂದು ಭಾಗದ ಚಿತ್ರವೂ ಬಾವುಟವೇ. ಅದರ ಮೇಲೆ ಅಕ್ಷರ ಬರೆಯೋದು, ಅದನ್ನ ಸಾಮಾನು ಹೊರೋಕೆ ಬಳಸೋದು ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು. ನಿಮ್ಮ ಕ್ಯಾರಿಬ್ಯಾಗ್ ಎರಡಕ್ಕೂ ಸಿಕ್ಕಿಬೀಳುತ್ತೆ. ವ್ಯಾಪಾರಕ್ಕೆ ಬಳಸೋದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆಯ ಅಡ್ಡಿ ಬೇರೆ.

ಕಾನೂನು ಬದಿಗಿಟ್ಟರೂ ಅದು ಸೋಮಾರಿ ಡಿಸೈನು. ಒಳ್ಳೆ ಮರುವಿನ್ಯಾಸ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಬಾವುಟವೇ ಪಾಠ. 1931ರ ಬಾವುಟದ ನಡುವೆ ಇಡೀ ಚರಕ ಇತ್ತು. ಬಾವುಟಕ್ಕೆ ಎರಡು ಮುಖ ಅಲ್ವಾ, ಹಿಂದಿನಿಂದ ನೋಡಿದರೆ ಚರಕ ತಿರುವುಮುರುವು. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ರೂಪದಲ್ಲಿ ಇಡೀ ಚರಕದ ಜಾಗಕ್ಕೆ ಅಶೋಕನ ಚಕ್ರ ಬಂತು, 24 ಅರಗಳು. ಎರಡೂ ಕಡೆಯಿಂದ ಒಂದೇ. ಅರ್ಥ ಉಳೀತು, ಗಜಿಬಿಜಿ ಹೋಯ್ತು.

ಅಮೆರಿಕದ ಕಲಾವಿದ ಡೇವಿಡ್ ಹ್ಯಾಮನ್ಸ್ 1990ರಲ್ಲಿ ಅವರ ದೇಶದ ಬಾವುಟದ ಪಟ್ಟಿ, ನಕ್ಷತ್ರ ಹಾಗೇ ಇಟ್ಟು ಬಣ್ಣ ಮಾತ್ರ ಕೆಂಪು, ಕಪ್ಪು, ಹಸಿರು ಮಾಡಿದರು; ಕಪ್ಪು ಜನರ ಚಳವಳಿಯ ಬಾವುಟದ ಬಣ್ಣಗಳವು. ನೋಡಿದ ಕೂಡಲೆ ‘ಇದು ಯಾರ ದೇಶ?’ ಅನ್ನೋ ಪ್ರಶ್ನೆ ಏಳುತ್ತೆ. ನಮ್ಮಲ್ಲಿ ಕಾನೂನು ಬೇರೆ, ಅದನ್ನ ನಕಲು ಹೊಡೀಬೇಡಿ. ಒಂದನ್ನೇ ಬದಲಾಯಿಸಿದ ರೀತಿ ಮಾತ್ರ ನೋಡಿ.

ನಿಮ್ಮ ಪಕ್ಕದ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿ ಬಾವುಟ ತಯಾರಾಗುತ್ತೆ. ಅಂಗಡಿಯವರು ಬಟ್ಟೆ ವ್ಯಾಪಾರದವರು. ಮಗ್ಗದ ಹಾಸುಹೊಕ್ಕು ತೋರಿಸಿ: ಅಡ್ಡ ಪಟ್ಟಿ ಬೇಡ, ಚಕ್ರ ಬೇಡ, ಕೇಸರಿ-ಹಸಿರು ಎಳೆಗಳು ಓರೆಯಾಗಿ ಬಿಳಿಯೊಳಗೆ ಸೇರ್ತಾ ಇರಲಿ. ಲೋಗೊ ಕೆಳಗೆ ಮೂಲೆಯಲ್ಲಿ, ಖಾಲಿ ಕಾಗದದ ಮೇಲೆ.

ಗುಂಪಿನ ಇನ್ನೊಬ್ಬ ಸದಸ್ಯರು: ನಾನು ಪ್ರಿಂಟಿಂಗ್ ಪ್ರೆಸ್‌ನವನು, ನನ್ನ ಮಾತೂ ಕೇಳಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಕೇಸರಿಗೆ ಸ್ವಲ್ಪ ಸಯಾನ್ (ಮುದ್ರಣದ ತಿಳಿನೀಲಿ ಶಾಯಿ) ಬೆರೆತರೂ ಇಟ್ಟಿಗೆ ಬಣ್ಣ ಆಗುತ್ತೆ. ಪ್ರೂಫ್, ಅಂದ್ರೆ ಮಾದರಿ ಪ್ರತಿ, ತೆಗೆಸದೆ ಓಕೆ ಮಾಡಬೇಡಿ. ಚಕ್ರ ಬರೆಯೋ ಕೆಲಸ ಎಂದಾದರೂ ಬಂದರೆ ಅರ ಎಣಿಸಿ, 20 ಇರೋ ಫೈಲು ಕಣ್ಣಾರೆ ಕಂಡಿದ್ದೀನಿ.

ಉತ್ತರ: ಹೌದು ಸರ್. ಅಳತೆಯನ್ನೂ ನೋಡಬೇಕು: 900×600 ಮಿ.ಮೀ. ಬಾವುಟದಲ್ಲಿ ಬಿಳಿ ಪಟ್ಟಿ 200, ಚಕ್ರ 185. ಹೆಚ್ಚಿನವರು ಗುಂಡಿಯಷ್ಟು ಚಿಕ್ಕದು ಬರೀತಾರೆ.

ಪ್ರಶ್ನೆ ಕೇಳಿದವರು: ಎಳೆಗಳ ಡಿಸೈನು ತೋರಿಸಿದೆ ಮೇಡಂ, ಹಿಡಿಸ್ತು ಅವರಿಗೆ. ಆದರೆ ಲೋಗೊ ಇನ್ನೂ ದೊಡ್ಡದು ಬೇಕಂತೆ.

ಉತ್ತರ: ಅದನ್ನ ತಡೆಯೋ ಕಾಯ್ದೆ ಇಲ್ಲಪ್ಪ.