ರಘುವಿನ ಆಲ್ಟೋ ನಡುಗುತ್ತಿರುವ ಬಗ್ಗೆ

ರಘು, ನೀನು ಗುಂಪಿನಲ್ಲಿ ಹಾಕಿದ ವೀಡಿಯೊ ಈಗಷ್ಟೇ ನೋಡಿದೆ. ಸಿಗ್ನಲ್‌ನಲ್ಲಿ ನಿಂತು ಎ.ಸಿ. ಹಾಕಿದರೆ ಸ್ಟಿಯರಿಂಗ್ ಗಡಗಡ ಎನ್ನುತ್ತದೆ, ಕ್ಲಚ್ ಬಿಟ್ಟಾಗ ಕೆಳಗೆಲ್ಲೋ ಧಡ್ ಎಂದು ಬಡಿಯುತ್ತದೆ, ಗ್ಯಾರೇಜಿನವರು ಮೂರೂ ಇಂಜಿನ್ ಮೌಂಟಿಂಗ್ (ಇಂಜಿನನ್ನು ಗಾಡಿಯ ಮೈಗೆ ಹಿಡಿದಿಡುವ ರಬ್ಬರಿನ ಆಸರೆ) ಬದಲಿಸಬೇಕು ಎಂದಿದ್ದಾರೆ, ನಾನೇ ಮನೆಯಲ್ಲಿ ಮಾಡಲೇ ಎಂದು ಕೇಳಿದ್ದೀಯೆ. ಧಾರಾಳವಾಗಿ ಮಾಡು. ಆದರೆ ಮೂರನ್ನೂ ಕೊಳ್ಳುವ ಮೊದಲು ಹಾಳಾಗಿರುವುದು ಯಾವುದು ಎಂದು ಕಣ್ಣಾರೆ ನೋಡು. ಅತ್ತಿಗೆ, ನೀವು ಗಾಬರಿಯಾಗಬೇಡಿ, ಇಂಜಿನ್ ಕೆಳಗಿಳಿಸುವ ಕೆಲಸವಲ್ಲ ಇದು.

ನಿನ್ನದು ಆಲ್ಟೋ ಕೆ10, 998 ಸಿ.ಸಿ., ಮೂರು ಸಿಲಿಂಡರ್. ಅಂಥ ಇಂಜಿನ್‌ಗೆ ಸ್ವಲ್ಪ ನಡುಕ ಹುಟ್ಟುಗುಣ. ಅದನ್ನು ನುಂಗುವುದೇ ಮೌಂಟಿಂಗಿನ ರಬ್ಬರಿನ ಕೆಲಸ. ಕಿಡಿ ಹೊತ್ತಿಸುವ ಪ್ಲಗ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಹೀಗೆಯೇ ನಡುಗುತ್ತದೆ. ಆಗ ಏರಿನಲ್ಲಿ ಎಳೆತ ಕುಗ್ಗುತ್ತದೆ, ಇಂಜಿನ್ ಸದ್ದು ಮುಗ್ಗರಿಸುತ್ತದೆ. ಎಳೆತ ಸರಿಯಿದ್ದು ನಡುಕ ಮಾತ್ರ ಒಳಗೆ ಬರುತ್ತಿದ್ದರೆ ಮೌಂಟಿಂಗಿನ ಮೇಲೆ ಅನುಮಾನ ಪಡು.

ಪರೀಕ್ಷೆ ಸುಲಭ. ಬಾನೆಟ್ ಎತ್ತು. ಅಣ್ಣ ಒಳಗೆ ಕೂತು ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಒಂದಿಷ್ಟೇ ಬಿಡಲಿ. ಆಮೇಲೆ ರಿವರ್ಸಿನಲ್ಲಿ ಹಾಗೆಯೇ ಮಾಡಲಿ. ನೀನು ಪಕ್ಕದಲ್ಲಿ ನಿಂತು ನೋಡು, ಗಾಡಿಯ ಮುಂದೆ ಮಾತ್ರ ನಿಲ್ಲಬೇಡ. ಇಂಜಿನ್ ಸ್ವಲ್ಪ ಅಲುಗುವುದು ಸಹಜ. ತೂಗುಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ವಾಲಿದರೆ ಹಿಂದಿನ ಮೌಂಟಿಂಗ್ ಹೋಗಿದೆ ಎಂದೇ ಲೆಕ್ಕ. ಎಡಬಲದ ಎರಡು ಹೆಚ್ಚಿನ ಭಾರ ಹೊರುತ್ತವೆ, ಹಿಂದಿನದು ಇಂಜಿನ್ ತಿರುಚಿಕೊಳ್ಳದಂತೆ ತಡೆಯುತ್ತದೆ. ನಿನ್ನ ಆ ಧಡ್ ಸದ್ದು ಕೇಳಿದರೆ ನನಗೆ ಹಿಂದಿನದೇ ಅನ್ನಿಸುತ್ತದೆ. ಟಾರ್ಚ್ ಹಾಕಿ ನೋಡು: ರಬ್ಬರಿನ ಮೇಲೆ ಕೂದಲೆಳೆಯಂಥ ಬಿರುಕು ಇದ್ದರೆ ಪರವಾಗಿಲ್ಲ. ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡು, ನಡುವಿನ ಬುಷ್ (ಬೋಲ್ಟ್ ತೂರುವ ಲೋಹದ ಕೊಳವೆ) ಒಂದು ಬದಿಗೆ ಕುಸಿದು, ಲೋಹಕ್ಕೆ ಲೋಹ ತಾಗಿದ ಕಡೆ ಬೆಳ್ಳಗೆ ಉಜ್ಜಿದ ಗುರುತು ಕಂಡರೆ ಅದರ ಆಯುಸ್ಸು ಮುಗಿದಿದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚು. ಗಾಡಿಯ ಕೆಳಗೆ ನುಗ್ಗುವುದಾದರೆ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕಿ ನಂಬಿ ಒಳಗೆ ಹೋದೆ ಎಂದು ಗೊತ್ತಾದರೆ ನಾನು ಮಾತಾಡಿಸುವುದಿಲ್ಲ. ಇಂಜಿನ್‌ಗೆ ಆಸರೆ ಕೊಡಲು ಇನ್ನೊಂದು ಜಾಕಿ ಇರಲಿ, ಅದರ ಮೇಲೆ ದಪ್ಪ ಹಲಗೆ ಇಡು, ಇಲ್ಲದಿದ್ದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ನಗ್ಗುತ್ತದೆ. ಭಾರ ಹಗುರಾಗುವಷ್ಟು ಮಾತ್ರ ಎತ್ತು. ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡು. ಒಂದಕ್ಕಿಂತ ಹೆಚ್ಚು ಬದಲಿಸಬೇಕಾಗಿ ಬಂದರೂ ಒಂದು ಕೂರಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚು.

ಹೆಚ್ಚಿನವರು ಅವಸರಪಡುವುದು ಕೂರಿಸುವಾಗ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಿಂದಲೇ ತಿರುಗಿಸಿ ಹತ್ತಿಸು. ರಂಧ್ರ ಕೂಡಿಬರದಿದ್ದರೆ ಬೋಲ್ಟನ್ನು ಬಡಿಯಬೇಡ, ಜಾಕಿಯನ್ನು ತುಸು ಏರಿಸಿಯೋ ಇಳಿಸಿಯೋ ಹೊಂದಿಸಿಕೋ. ಆಮೇಲೆ ಜಾಕಿ ಇಳಿಸಿ, ಇಂಜಿನ್ ತನ್ನ ಭಾರದಲ್ಲಿ ತಾನೇ ಕೂತ ಮೇಲೆ, ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡು. ರಬ್ಬರ್ ತಿರುಚಿಕೊಂಡಿರುವಾಗಲೇ ಬಿಗಿದರೆ ಹೊಸದೂ ನಡುಗುತ್ತದೆ, ಬೇಗ ಹರಿಯುತ್ತದೆ.

ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅಗ್ಗದ ಮೌಂಟಿಂಗೂ ಸಿಗುತ್ತದೆ, ಅಸಲಿಯೂ ಸಿಗುತ್ತದೆ. ಇದೊಂದರಲ್ಲಿ ಅಸಲಿಯನ್ನೇ ಕೊಂಡುಕೋ; ರಬ್ಬರ್ ಗಡುಸಾಗಿದ್ದರೆ ನಡುಕವೆಲ್ಲ ನೇರವಾಗಿ ಸೀಟಿಗೇ ಬರುತ್ತದೆ. ಸ್ಟ್ಯಾಂಡೂ ಟಾರ್ಕ್ ವ್ರೆಂಚೂ ನಮ್ಮ ಮನೆಯಲ್ಲಿವೆ, ಕೊಳ್ಳಬೇಡ, ಸಂಜೆ ಬಂದು ಒಯ್ಯಿ. ಅದಕ್ಕೂ ಮೊದಲು ಹಿಂದಿನ ಮೌಂಟಿಂಗಿನ ಹತ್ತಿರದ ಫೋಟೊ ಒಂದು ಹಾಕು.